ಗಾದಿ ಹಯಾತ್ ಸಾಬರ ಮೂವತ್ತು ಕರೆಂಟು

ಹರಿಹರದ ಹೊಳೆ ಕಡೆಯ ಓಣಿಗೆ ಬಂದು ಹಯಾತ್ ಸಾಬರ ಮನೆ ಯಾವುದೆಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಗಾದಿ ಸಾಬರ ಮನೆ ಎಂದರೆ ಮಾತ್ರ ಥಟ್ಟನೆ ಬೆರಳು ಮಾಡಿ ತೋರಿಸುತ್ತಿದ್ದರು. ಅವರು ಪಿಂಜಾರರು. ಹತ್ತಿ ಹಿಂಜಿ ಗಾದಿ, ದಿಂಬು ಮಾಡುವುದು ಮುತ್ತಜ್ಜನ ಕಾಲದಿಂದ ಬಂದ ಕಸುಬು. ನಮಾಜು ಮಸೀದಿಯಲ್ಲಾದರೂ ಮನೆಯೊಳಗಿನ ಮಾತು ಕನ್ನಡವೇ.

ಬೆಳಿಗ್ಗೆ ಎದ್ದು ಆಳೆತ್ತರದ ಬಿಲ್ಲನ್ನು ಹೆಗಲಿಗೇರಿಸಿ, ಪ್ಯಾಸೆಂಜರ್ ರೈಲು ಹತ್ತಿ ದಾವಣಗೆರೆಗೆ ಹೋಗುವುದು, ಎಂ.ಸಿ.ಸಿ. ಬಡಾವಣೆಯ ರಸ್ತೆಗಳಲ್ಲಿ ಬಿಲ್ಲಿನ ತಂತಿ ಮೀಟುತ್ತ ನಡೆಯುವುದು. ಆ ‘ಟಂವ್’ ಸದ್ದು ಕೇಳಿ ಯಾವುದಾದರೊಂದು ಮನೆಯಿಂದ “ಸಾಬ್ರೇ, ಬರ್ರಿ ಇಲ್ಲಿ” ಎಂಬ ಕರೆ ಬರುತ್ತಿತ್ತು. ವರ್ಷಗಟ್ಟಲೆ ಮೈಭಾರ ಹೊತ್ತು ಕಲ್ಲಿನಂತಾದ ಹತ್ತಿಯನ್ನು ಹಿತ್ತಲಿನಲ್ಲಿ ಬಿಚ್ಚಿ ಹರಡಿ, ತಂತಿಯನ್ನು ಅದರೊಳಗೆ ಇಳಿಬಿಟ್ಟು ಮರದ ಗುಂಡಿನಿಂದ ಬಡಿಯುತ್ತ ಹೋದರೆ ಮಧ್ಯಾಹ್ನದೊಳಗೆ ಅಲ್ಲೊಂದು ಬಿಳಿ ಗುಡ್ಡ ಎದ್ದಿರುತ್ತಿತ್ತು. ಊರಲ್ಲಿ ಮದುವೆಗಳ ಕಾಲ ಬಂದಾಗ ಹೆಂಡತಿ ಜೈನಾಬಿಯೂ ಜೊತೆಗೆ ಹೋಗುತ್ತಿದ್ದಳು. ಅವರು ಹಿಂಜಿದ ಹತ್ತಿಯನ್ನು ಅವಳು ಬಟ್ಟೆಯೊಳಗೆ ತುಂಬಿ ದಬ್ಬಳದಿಂದ ಹೊಲಿಯುವಳು. ಹದಿನಾರಕ್ಕೆ ಮದುವೆಯಾಗಿ ಬಂದವಳಿಗೆ ಈಗ ನಲವತ್ತೆಂಟು. ಮಗಳು ಆಲಿಯಾಳನ್ನು ದಾವಣಗೆರೆಗೇ ಕೊಟ್ಟಿತ್ತು. ಅಳಿಯ ಅಮ್ಜದ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ.

ಅಂಗಡಿಗಳಲ್ಲಿ ಫೋಮಿನ ಹಾಸಿಗೆ ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು. ಹತ್ತಿ ಹಿಂಜುವ ಮಷೀನು ಹಾಕಿಕೊಂಡವರೂ ಇದ್ದರು. ಹಯಾತ್ ಸಾಬರು ಮಾತ್ರ ಬಿಲ್ಲು ಬಿಡಲಿಲ್ಲ. “ಮಷೀನು ಹತ್ತೀನ ಹರೀತೈತೆ, ಬಿಲ್ಲು ಬಿಡಿಸ್ತೈತೆ” ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವರು. ಹೇಳಿ ಮುಗಿಸಿ ಒಂದು ಬೀಡಿ ಹಚ್ಚುವರು. ದಿನಕ್ಕೆ ಒಂದು ಕಟ್ಟು ಬೀಡಿ ಖಾಲಿಯಾಗುತ್ತಿತ್ತು.

ಕೆಮ್ಮು ಯಾವಾಗ ಶುರುವಾಯಿತೆಂದು ಆಮೇಲೆ ಡಾಕ್ಟರು ಕೇಳಿದಾಗ ಜೈನಾಬಿಗೆ ಹೇಳಲು ಬರಲಿಲ್ಲ. ಪಿಂಜಾರರ ಮನೆಯಲ್ಲಿ ಕೆಮ್ಮು ಹೊಸದೇನಲ್ಲ. ಮಾವನೂ ಕೆಮ್ಮುತ್ತಿದ್ದ, ಮಾವನ ಅಣ್ಣನೂ ಕೆಮ್ಮುತ್ತಿದ್ದ. ಹತ್ತಿಯ ಧೂಳು ಗಂಟಲಿಗೆ ಹೋದರೆ ಬೆಲ್ಲ ತಿನ್ನುವುದು, ಬಿಸಿನೀರು ಕುಡಿಯುವುದು ಇದ್ದೇ ಇತ್ತು. ತೊಂಬತ್ತೇಳರ ಬೇಸಿಗೆಯಲ್ಲಿ ಅವರು ಬಿಲ್ಲು ಹೊತ್ತು ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲತೊಡಗಿದರು. ಹರಿಹರದ ಒಬ್ಬ ಡಾಕ್ಟರು ಎಕ್ಸ್-ರೇ ನೋಡಿ ಟಿ.ಬಿ. ಎಂದರು. ಐದು ತಿಂಗಳು ಮಾತ್ರೆ ನುಂಗಿದ್ದಾಯಿತು. ಮಾತ್ರೆಯ ಬಣ್ಣಕ್ಕೆ ಮೂತ್ರ ಕೆಂಪಗೆ ಹೋಯಿತೇ ಹೊರತು ಕೆಮ್ಮು ಹೋಗಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಎಂ.ಸಿ.ಸಿ. ಬಡಾವಣೆಯ ಒಂದು ಹಿತ್ತಲಿನಲ್ಲಿ, ಆಗಷ್ಟೇ ಹಿಂಜಿದ ಬಿಳಿ ಹತ್ತಿಯ ಮೇಲೆ ಅವರು ರಕ್ತ ಕೆಮ್ಮಿದರು. ಮನೆಯವರು ನೋಡುವ ಮೊದಲೇ ಆ ಹತ್ತಿಯನ್ನು ಕಿತ್ತು ಜೇಬಿಗೆ ತುರುಕಿಕೊಂಡು ಕೆಲಸ ಮುಗಿಸಿ ಬಂದರು. ಮಾರನೆಯ ದಿನ ಅಂಗಿ ಒಗೆಯುವಾಗ ಜೈನಾಬಿಯ ಕೈಗೆ ಅದು ಸಿಕ್ಕಿತು.

ಅವಳು ಅತ್ತು ಕರೆದು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಗಂಟಲಿನಿಂದ ನಳಿಗೆ ಇಳಿಸಿ ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಡಾಕ್ಟರ್ ವಾಣಿ ಎಂಬ ಹೆಣ್ಣುಮಗಳು ಜೈನಾಬಿಯನ್ನೂ ಆಲಿಯಾಳನ್ನೂ ಒಳಗೆ ಕರೆದು ಕೂರಿಸಿದರು. ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಬಲಗಡೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗೆಡ್ಡೆ ಇದೆ, ಎದೆಯ ನಡುವಿನ ಗ್ರಂಥಿಗಳಿಗೂ ಹಬ್ಬಿದೆ, ಆಪರೇಷನ್ ಮಾಡಿ ತೆಗೆಯಲು ಬರುವುದಿಲ್ಲ ಎಂದು ನಿಧಾನವಾಗಿ ಹೇಳಿದರು.

“ಹತ್ತಿ ಧೂಳಿನಿಂದ ಬಂತಾ ಮೇಡಮ್?” ಎಂದಳು ಆಲಿಯಾ.

“ಬೀಡಿಯಿಂದ ಬಂದಿರೋದೇ ಹೆಚ್ಚು. ಈಗ ಅದನ್ನ ಕೇಳಿ ಏನು ಮಾಡೋದು, ಮುಂದಿನದು ನೋಡೋಣ.”

ಮುಂದಿನದು ಹೀಗಿತ್ತು. ಕ್ಯಾನ್ಸರಿಗೆ ಎರಡು ಔಷಧಿ: ಒಂದು ನರಕ್ಕೆ ಕೊಡುವ ಇಂಜೆಕ್ಷನ್, ಇನ್ನೊಂದು ಹೊರಗಿನಿಂದ ಕೊಡುವ ಕಿರಣ. ಕಿರಣಕ್ಕೆ ಜನ ಕರೆಂಟು ಎನ್ನುತ್ತಿದ್ದರು. ಮೊದಲು ಇಂಜೆಕ್ಷನ್ ಮುಗಿಸಿ ಆಮೇಲೆ ಕರೆಂಟು ಕೊಡುವುದು ಇಲ್ಲಿಯವರೆಗಿನ ರೂಢಿ. ಎರಡನ್ನೂ ಒಟ್ಟಿಗೇ ಕೊಟ್ಟರೆ, ಇಂಜೆಕ್ಷನ್ನಿನಿಂದ ಗೆಡ್ಡೆ ಮೆತ್ತಗಾದಾಗಲೇ ಕರೆಂಟು ಬಿದ್ದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಈಚೆಗೆ ಗೊತ್ತಾಗುತ್ತಿದೆ. ಆದರೆ ಸಂಕಟವೂ ಎರಡರಷ್ಟು.

“ಒಟ್ಟಿಗೆ ಕೊಟ್ರೆ ಗುಣ ಆಗ್ತೈತಾ?” ಜೈನಾಬಿ ಕೇಳಿದಳು.

ಡಾಕ್ಟರ್ ವಾಣಿ ಸುಳ್ಳು ಹೇಳುವವರಲ್ಲ. “ನೂರು ಜನಕ್ಕೆ ಕೊಟ್ರೆ ಹತ್ತು ಹದಿನೈದು ಜನ ಐದು ವರ್ಷ ದಾಟ್ತಾರಮ್ಮ. ಉಳಿದವರಿಗೆ ಕೆಲವು ತಿಂಗಳು ಹೆಚ್ಚು ಸಿಗಬಹುದು. ಏನೂ ಮಾಡದಿದ್ರೆ ಆ ಹತ್ತು ಜನವೂ ಇರಲ್ಲ. ನೀವು ಯೋಚನೆ ಮಾಡಿ.”

ಜೈನಾಬಿಯ ಕಿವಿಗೆ ಬಿದ್ದದ್ದು ಆ ಹತ್ತು ಜನ ಮಾತ್ರ. ಉಳಿದ ತೊಂಬತ್ತು ಜನ ಎಲ್ಲಿ ಹೋದರೆಂದು ಅವಳು ಯೋಚಿಸಲಿಲ್ಲ. “ಒಟ್ಟಿಗೇ ಕೊಡ್ರಿ” ಎಂದುಬಿಟ್ಟಳು.

ಗಂಡನಿಗೆ ಹೇಳುವುದು ಬೇಡವೆಂದು ತಾಯಿ ಮಗಳು ಮಾತಾಡಿಕೊಂಡರು. ಎದೆಯಲ್ಲಿ ಗಂಟಾಗಿದೆ, ಕರಗಿಸಲು ಕರೆಂಟು ಕೊಡುತ್ತಾರೆ ಎಂದು ಹೇಳಿದರು. ಮೊದಲ ದಿನ ಎದೆಯ ಮೇಲೂ ಬೆನ್ನಿನ ಮೇಲೂ ನೇರಳೆ ಶಾಯಿಯಿಂದ ಚೌಕ ಬರೆದು, ಮುಗಿಯುವ ತನಕ ಇದು ಅಳಿಸಬಾರದು ಎಂದು ಎಚ್ಚರಿಸಿದರು. ಹೊರಗೆ ಬೆಂಚಿನ ಮೇಲೆ ಕುಳಿತು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹಯಾತ್ ಸಾಬರು ಎದುರಿನ ಬಾಗಿಲ ಮೇಲಿನ ಫಲಕ ನೋಡುತ್ತಿದ್ದರು.

“ಜೈನಾಬಿ, ನಾನು ನಾಲ್ಕನೇತ್ತೆ ಓದೀನಿ. ಮರ್ತ್ಯಾ?”

ಅವಳು ತಲೆ ಎತ್ತಿ ನೋಡಿದಳು. ಬಾಗಿಲ ಮೇಲೆ ಕನ್ನಡದ ದಪ್ಪ ಅಕ್ಷರಗಳಲ್ಲಿ ಕ್ಯಾನ್ಸರ್ ಚಿಕಿತ್ಸಾ ವಿಭಾಗ ಎಂದು ಬರೆದಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಅಷ್ಟು ದಿನ ಅದರ ಕೆಳಗೇ ಓಡಾಡಿದ್ದಳು.

“ಏನ್ ಬರ್ದೈತ್ರೀ?” ಎಂದು ಕೇಳಿದಳು.

“ಗಂಟು ಕರಗಿಸೋ ಜಾಗ ಅಂತ ಬರ್ದೈತೆ” ಎಂದು ಹೇಳಿ ಅವರು ಎದ್ದರು. ಅವರಿಗೆ ಗೊತ್ತಾಗಿದೆ ಎಂಬುದು ಅವರ ದನಿಯಲ್ಲೇ ಅವಳಿಗೆ ತಿಳಿಯಿತು. ಅಲ್ಲಿಂದ ಮುಂದೆ ಆ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಮೂವತ್ತು ಕರೆಂಟು. ವಾರಕ್ಕೆ ಐದು ದಿನ, ಆರು ವಾರ. ನಡುವೆ ಎರಡು ಸಲ ಐದೈದು ದಿನ ವಾರ್ಡಿನಲ್ಲಿ ಮಲಗಿಸಿ ಇಂಜೆಕ್ಷನ್. ಕರೆಂಟಿನ ಕೆಲಸ ಎರಡು ನಿಮಿಷದ್ದು. ನೋವಿಲ್ಲ, ಉರಿಯಿಲ್ಲ. ಕತ್ತಲೆಯ ಕೋಣೆಯಲ್ಲಿ ಒಬ್ಬರನ್ನೇ ಮಲಗಿಸಿ ಬಾಗಿಲು ಹಾಕುವರು. ಯಂತ್ರ ಗುಂಯ್ ಎನ್ನುವುದು. ಮತ್ತೆ ಬಾಗಿಲು ತೆಗೆಯುವರು. “ಇಷ್ಟೇನಾ? ಇದಕ್ಕೆ ಹರಿಹರದಿಂದ ಬರಬೇಕಾ?” ಎಂದು ಹಯಾತ್ ಸಾಬರು ಮೊದಲ ವಾರ ನಗಾಡಿದರು. ಇಂಜೆಕ್ಷನ್ ಮಾತ್ರ ಅವರನ್ನು ಮೊದಲ ಸಲಕ್ಕೇ ನೆಲಕ್ಕೆ ಹಾಕಿತು. ಬಕೀಟನ್ನು ತಬ್ಬಿಕೊಂಡು ಮೂರು ದಿನ ವಾಂತಿ ಮಾಡಿದರು. ಕರುಳೇ ಬಾಯಿಗೆ ಬರುವಂಥ ವಾಂತಿ. ಬಾಯಿಗೆ ಏನಿಟ್ಟರೂ ತಗಡು ನೆಕ್ಕಿದ ಹಾಗೆ ಎನ್ನುತ್ತಿದ್ದರು.

ಕರೆಂಟಿನ ಕೋಣೆಯ ಮುಂದಿನ ಬೆಂಚಿನಲ್ಲಿ ದಿನಾ ಅವರ ಪಕ್ಕ ಕೂರುತ್ತಿದ್ದವರು ದೇವರಾಜ ಅರಸು ಬಡಾವಣೆಯ ವಾಮದೇವಪ್ಪ. ಅರವತ್ತೆರಡು ವಯಸ್ಸು, ಹಿಂದೆ ಹತ್ತಿ ವ್ಯಾಪಾರ ಮಾಡಿದವರು. ಹಣೆ ತುಂಬ ವಿಭೂತಿ, ಬಿಳಿ ಜುಬ್ಬಾ. ಅವರಿಗೂ ಶ್ವಾಸಕೋಶದ್ದೇ. ಮೊದಲು ಇಂಜೆಕ್ಷನ್ನೆಲ್ಲ ಮುಗಿಸಿ ಈಗ ಕರೆಂಟಿಗೆ ಬರುತ್ತಿದ್ದರು. ಎರಡನೆಯ ದಿನವೇ ಅವರು ಗುರುತು ಹಿಡಿದರು.

“ಸಾಬ್ರೇ, ನೀವು ನನ್ನ ಮಗನ ಮದುವೆಗೆ ಗಾದಿ ಮಾಡಿಕೊಟ್ಟೋರಲ್ವಾ?”

“ಹೌದ್ರೀ ಯಜಮಾನ್ರೇ. ನಿಮ್ಮ ಹತ್ತಿನೇ ಒಳ್ಳೇದಿತ್ತು, ನಂದೇನೈತೆ.”

ಅಲ್ಲಿಂದ ಇಬ್ಬರೂ ದಿನಾ ಹತ್ತಿಯ ಮಾತೇ. ಯಾವ ಊರಿನ ಹತ್ತಿಯ ಎಳೆ ಉದ್ದ, ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ದಾವಣಗೆರೆಯ ಗಾಳಿ ಹೇಗೆ ಬೆಳ್ಳಗಿರುತ್ತಿತ್ತು, ಎಲ್ಲ. ಹೆಸರು ಕರೆದಾಗ ಮಾತು ನಿಲ್ಲಿಸಿ ಒಬ್ಬರು ಒಳಗೆ ಹೋಗಿ ಬರುವರು, ಬಿಟ್ಟಲ್ಲಿಂದ ಹಿಡಿಯುವರು.

ಮೂರನೆಯ ವಾರ ಅನ್ನನಾಳ ಸುಟ್ಟಿತು. ಕರೆಂಟು ಎದೆಯ ನಡುವೆ ಬೀಳುತ್ತದಲ್ಲ, ಅಲ್ಲೇ ಅನ್ನನಾಳವೂ ಇದೆ. ಇಂಜೆಕ್ಷನ್ ಸೇರಿದರೆ ಅದು ಇನ್ನೂ ಹೆಚ್ಚು ಹುಣ್ಣಾಗುತ್ತದೆ ಎಂದು ಡಾಕ್ಟರ್ ವಾಣಿ ಮೊದಲೇ ಹೇಳಿದ್ದರು. ಹೇಳಿದ್ದು ಕೇಳುವುದು ಬೇರೆ, ಕಾಣುವುದು ಬೇರೆ. ಹಯಾತ್ ಸಾಬರು ಊಟದಲ್ಲಿ ಆಸೆಯುಳ್ಳ ಮನುಷ್ಯ. ಜೋಳದ ರೊಟ್ಟಿ, ಖಾರದ ಎಣ್ಣೆಗಾಯಿ, ಶುಕ್ರವಾರ ಕೈಮದ ಪಲ್ಯ. ಈಗ ಒಂದು ಗುಟುಕು ನೀರು ನುಂಗುವ ಮೊದಲು ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವರು. ನುಂಗಿದ ಮೇಲೆ ಕಣ್ಣಲ್ಲಿ ನೀರು ಸುರಿಯುವುದು. ಜೈನಾಬಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಆರಿಸಿ, ಚಮಚೆ ಚಮಚೆಯಾಗಿ ಕೊಟ್ಟಳು. ಅದೂ ಗಾಜಿನ ಪುಡಿಯಂತೆ ಇಳಿಯುತ್ತದೆ ಎಂದರು. ತಲೆಗೂದಲು ಟೋಪಿಯೊಳಗೇ ಉದುರಿ ಉಳಿಯುತ್ತಿತ್ತು. ಹದಿನೇಳನೆಯ ಕರೆಂಟಿನ ಹೊತ್ತಿಗೆ ರಕ್ತದಲ್ಲಿ ಬಿಳಿ ಕಣ ತೀರ ಕಡಿಮೆಯಾಗಿ ಜ್ವರ ಬಂತು. ಒಂಬತ್ತು ದಿನ ಎಲ್ಲವನ್ನೂ ನಿಲ್ಲಿಸಿದರು.

ಆ ಒಂಬತ್ತು ದಿನಗಳ ಕೊನೆಗೆ, ಹರಿಹರದ ಮನೆಯಲ್ಲಿ ಒಂದು ಮಧ್ಯಾಹ್ನ, ಅವರು ಗೋಡೆಗೆ ಒರಗಿ ಕುಳಿತು ಹೇಳಿದರು: “ಸಾಕು ಜೈನಾಬಿ. ನಾನು ಇನ್ನು ಬರಂಗಿಲ್ಲ.”

“ಹದಿನೇಳು ಆಗೈತೆ. ಇನ್ನು ಹದಿಮೂರೇ ಐತ್ರೀ.”

“ನಿನಗೆ ಹದಿಮೂರು. ನನಗೆ ಒಂದೊಂದೂ ಒಂದೊಂದು ಮರಣ.”

“ನಡುವೆ ಬಿಟ್ರೆ ಮಾಡಿದ್ದೆಲ್ಲ ನೀರಾಗೆ ಹೋಗ್ತೈತಂತೆ. ಡಾಕ್ಟ್ರು ಹೇಳ್ಯಾರೆ.”

“ಹೋಗ್ಲಿ ಬಿಡು. ಹೊಳೆ ಇಲ್ಲೇ ಐತೆ.”

ಜೈನಾಬಿ ಆಗ ಮಾಡಿದ ಕೆಲಸವನ್ನು ಆಮೇಲೆ ಎಷ್ಟು ಸಲ ನೆನೆದಳೋ ಲೆಕ್ಕವಿಲ್ಲ. ಅವಳು ಎದ್ದು ಹೋಗಿ ಅವರ ಕಾಲು ಹಿಡಿದಳು. ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ನಿಮ್ಮನ್ನು ಏನೂ ಕೇಳಿಲ್ಲ, ಇದೊಂದು ನಡೆಸಿಕೊಡಿ ಎಂದಳು. ನೂರರಲ್ಲಿ ಹತ್ತು ಜನ ಉಳಿಯುತ್ತಾರಂತೆ, ನೀವು ಯಾಕೆ ಅವರಲ್ಲಿ ಒಬ್ಬರಾಗಬಾರದು ಎಂದಳು. ನೀವು ಬರದಿದ್ದರೆ ನಾನೂ ಇವತ್ತಿನಿಂದ ಉಣ್ಣುವುದಿಲ್ಲ ಎಂದಳು. ಹೇಳಿದ ಹಾಗೇ ಅವತ್ತು ಉಣ್ಣಲೂ ಇಲ್ಲ.

ಮರುದಿನ ಹಯಾತ್ ಸಾಬರು ತಾವಾಗಿಯೇ ಎದ್ದು ಟೋಪಿ ಹಾಕಿಕೊಂಡರು. “ನಡಿ, ಬಸ್ಸಿಗೆ ಹೊತ್ತಾತು” ಎಂದರು.

ಎರಡನೆಯ ಸುತ್ತಿನ ಇಂಜೆಕ್ಷನ್ನೂ ಆಯಿತು, ಉಳಿದ ಹದಿಮೂರು ಕರೆಂಟೂ ಆಯಿತು. ಏಪ್ರಿಲ್ ನಡುವೆ ಎಲ್ಲ ಮುಗಿದಾಗ ಅವರ ತೂಕ ನಲವತ್ತೊಂದು ಕಿಲೋ. ಮೇ ಕೊನೆಗೆ ಹೊಸ ಎಕ್ಸ್-ರೇ ತೆಗೆದರು. ಡಾಕ್ಟರ್ ವಾಣಿ ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟು ತೋರಿಸಿದರು. ಮುಷ್ಟಿಯಷ್ಟಿದ್ದ ಬಿಳಿ ಕಲೆ ನಿಂಬೆಕಾಯಿಯಷ್ಟಾಗಿತ್ತು. ಜೈನಾಬಿ ಆ ಹಾಳೆಯನ್ನೇ ಕಣ್ಣಿಗೊತ್ತಿಕೊಂಡಳು. ಹಯಾತ್ ಸಾಬರು ಮಾತ್ರ, “ಪೂರ್ತಿ ಹೋಗಿಲ್ಲಲ್ಲ ಮೇಡಮ್” ಎಂದರು. “ನೋಡೋಣ” ಎಂದರು ಡಾಕ್ಟರು.

ಅದೇ ದಿನ ವಾಮದೇವಪ್ಪನವರು ಹೇಳಿ ಕಳಿಸಿದ್ದರು. ಆಸ್ಪತ್ರೆಯಿಂದ ಇಬ್ಬರೂ ನೇರ ಅವರ ಮನೆಗೆ ಹೋದರು. ಮೊದಲಿಂದಲೂ ತೆಳ್ಳಗಿದ್ದ ಮನುಷ್ಯ ಈಗ ಬರೀ ಎಲುಬು. ರೋಗ ಬೆನ್ನುಮೂಳೆಗೆ ಇಳಿದಿತ್ತು. ಮಗ ತಂದ ಫೋಮಿನ ಹಾಸಿಗೆ ಒತ್ತುತ್ತದೆ, ಮೈ ಬೆವರುತ್ತದೆ, ಆಗುವುದಿಲ್ಲ. ಅಟ್ಟದ ಮೇಲಿದ್ದ ಹಳೆಯ ಹತ್ತಿ ಗಾದಿಯನ್ನು ಹೊಸದಾಗಿ ಹಿಂಜಿಕೊಡಲು ಆಗುತ್ತದೆಯೇ ಎಂದು ಕೇಳಿದರು.

“ಹತ್ತಿ ಧೂಳಿನ ಹತ್ರ ಹೋಗಬ್ಯಾಡ ಅಂದಾರೆ ಯಜಮಾನ್ರೇ” ಎಂದಳು ಜೈನಾಬಿ.

ಹಯಾತ್ ಸಾಬರು, “ನಾನಲ್ಲ, ಇವಳು ಹಿಂಜ್ತಾಳೆ” ಎಂದರು.

ಜೈನಾಬಿ ಬರೀ ಹೊಲಿಗೆಯವಳು, ಒಮ್ಮೆಯೂ ಬಿಲ್ಲು ಮುಟ್ಟಿದವಳಲ್ಲ. ಎರಡು ದಿನ ಬಿಟ್ಟು ದೇವರಾಜ ಅರಸು ಬಡಾವಣೆಯ ಆ ಮನೆಯ ಹಿತ್ತಲಿನಲ್ಲಿ ಅವಳು ಮೂಗಿಗೆ ಸೆರಗು ಕಟ್ಟಿ ಕುಳಿತಳು. ಗಾಳಿ ಬೀಸುವ ದಿಕ್ಕು ನೋಡಿಕೊಂಡು ಹಯಾತ್ ಸಾಬರು ದೂರದ ತೆಂಗಿನ ಮರದ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡರು. ಕಿಟಕಿಯೊಳಗೆ ವಾಮದೇವಪ್ಪನವರು. ಮೊದಮೊದಲು ತಂತಿ ಹತ್ತಿಯಲ್ಲಿ ಸಿಕ್ಕಿಕೊಂಡಿತು, ಗುಂಡು ಜಾರಿ ಬೆರಳ ಮೇಲೆ ಬಿತ್ತು. ಹಯಾತ್ ಸಾಬರು ಕಣ್ಣು ಮುಚ್ಚಿ ಬರೀ ಸದ್ದು ಕೇಳಿ ತಿದ್ದುತ್ತಿದ್ದರು.

“ಸಿಟ್ಟಿನಿಂದ ಹೊಡೀಬ್ಯಾಡ. ತಂತಿ ನಡುಗಿದ್ರೆ ಸಾಕು, ಹತ್ತಿ ತಾನೇ ಏಳ್ತೈತೆ… ಈಗ ಸರಿ. ಈಗ ಕೆಳಗಾತು… ಹಾಂ, ಹಂಗೆ.”

ಒಂದು ದಿನದ ಕೆಲಸ ಮೂರು ದಿನ ಹಿಡಿಯಿತು. ಮೂರನೆಯ ಸಂಜೆ ಇಬ್ಬರು ಗಂಡಸರು ವಾಮದೇವಪ್ಪನವರನ್ನು ಎತ್ತಿ ಹೊಸ ಗಾದಿಯ ಮೇಲೆ ಮಲಗಿಸಿದರು. ಅವರು ಅಂಗೈಯಿಂದ ಬಟ್ಟೆಯನ್ನು ಸವರಿ, “ಕೂಡ್ರಿ ಸಾಬ್ರೇ” ಎಂದು ತಮ್ಮ ಮಗ್ಗುಲಲ್ಲೇ ಜಾಗ ತೋರಿಸಿದರು. ಹಯಾತ್ ಸಾಬರು ಅಂಚಿನಲ್ಲಿ ಕುಳಿತರು. ಎಷ್ಟೋ ಮನೆಗೆ ಗಾದಿ ಮಾಡಿಕೊಟ್ಟಿದ್ದರೂ ಒಂದು ಮನೆಯಲ್ಲೂ ಅವರು ಮಂಚದ ಮೇಲೆ ಕುಳಿತವರಲ್ಲ. ಆ ಗಾದಿಯ ಮೇಲೆ ವಾಮದೇವಪ್ಪನವರು ಹನ್ನೊಂದು ದಿನ ಮಲಗಿದರು. ಹನ್ನೆರಡನೆಯ ದಿನ ತೀರಿಕೊಂಡರು. ಸತ್ತವರ ಹಾಸಿಗೆ ಮನೆಯಲ್ಲಿಡಬಾರದೆಂಬ ರೂಢಿಯಂತೆ ಆ ಗಾದಿಯನ್ನು ಊರ ಹೊರಗೆ ಬಿಸಾಡಿದರೆಂದು ಆಮೇಲೆ ತಿಳಿಯಿತು.

ಆಗಸ್ಟ್ ತನಕ ಹಯಾತ್ ಸಾಬರು ಚೆನ್ನಾಗಿದ್ದರು ಎನ್ನಬೇಕು. ಹೊಳೆ ದಂಡೆಯವರೆಗೆ ನಡೆದು ಬರುವರು. ಉಸಿರು ಮಾತ್ರ ಮೊದಲಿನಂತಾಗಲಿಲ್ಲ. ಕರೆಂಟು ಬಿದ್ದ ಜಾಗದಲ್ಲಿ ಶ್ವಾಸಕೋಶ ಒಣಗಿ ಗಟ್ಟಿಯಾಗಿದೆ ಎಂದಿದ್ದರು. ಅನ್ನನಾಳ ಗಾಯ ಮಾಯುವಾಗ ಕಿರಿದಾಗಿತ್ತು. ರೊಟ್ಟಿ ಇಳಿಯುತ್ತಿರಲಿಲ್ಲ, ಹಾಲಿನಲ್ಲಿ ನೆನೆಸಿ ಕಿವುಚಿಕೊಡಬೇಕು. ಶುಕ್ರವಾರ ಪಕ್ಕದ ಮನೆಯಿಂದ ಕೈಮದ ವಾಸನೆ ಬಂದರೆ ಅವರು ಎದ್ದು ಹೊರಗೆ ಹೋಗುವರು.

ಸೆಪ್ಟೆಂಬರಿನಲ್ಲಿ ತಲೆನೋವು ಶುರುವಾಯಿತು. ಒಂದು ದಿನ ಎಡಗೈಯಲ್ಲಿ ಹಿಡಿದ ಚಹಾದ ಲೋಟ ತಾನಾಗಿಯೇ ಜಾರಿ ಬಿತ್ತು. ಇನ್ನೊಂದು ದಿನ ಅವರು ಜೈನಾಬಿಯನ್ನು ಸತ್ತುಹೋದ ತಮ್ಮ ತಂಗಿಯ ಹೆಸರಿನಿಂದ ಕರೆದರು. ತಲೆಯ ಸ್ಕ್ಯಾನ್ ಆಯಿತು. ಡಾಕ್ಟರ್ ವಾಣಿ ಈ ಸಲ ಹಾಳೆಯನ್ನು ಬೆಳಕಿಗೆ ಹಿಡಿಯಲಿಲ್ಲ, ಮೇಜಿನ ಮೇಲೆ ಮಗುಚಿಟ್ಟರು.

“ಎದೆಯಲ್ಲಿ ಹತೋಟಿಯಲ್ಲಿತ್ತಮ್ಮ. ಮೆದುಳಿಗೆ ಹೋಗಿದೆ. ತಲೆಗೆ ಹತ್ತು ಕರೆಂಟು ಕೊಟ್ರೆ ನೋವು ಸ್ವಲ್ಪ ಕಡಿಮೆಯಾಗಬಹುದು.”

ಜೈನಾಬಿ ಗಂಡನ ಮುಖ ನೋಡಿದಳು. ಅವರು ಕಿಟಕಿಯ ಕಡೆ ತಿರುಗಿ ಕುಳಿತಿದ್ದರು.

“ಬ್ಯಾಡ ಮೇಡಮ್” ಎಂದಳು. ಮೊದಲ ಸಲ ಯೋಚಿಸದೆ ಹೂಂ ಎಂದಿದ್ದವಳು ಈ ಸಲ ಯೋಚಿಸದೆ ಬೇಡ ಎಂದಳು. ನೋವಿಗೆ ಮಾತ್ರೆ ಬರೆಸಿಕೊಂಡು ಬಂದರು. ನೋವು ಕೆಲವು ದಿನ ಮಾತ್ರೆಗೆ ಬಗ್ಗಿತು, ಆಮೇಲೆ ಬಗ್ಗಲಿಲ್ಲ. ಕೊನೆಯ ಹದಿನೈದು ದಿನ ಹಯಾತ್ ಸಾಬರು ತಲೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು ಮುಲುಗುವಾಗ, ಆ ಹತ್ತು ಕರೆಂಟು ಕೊಡಿಸಬೇಕಾಗಿತ್ತೇನೋ ಎಂದು ಜೈನಾಬಿಯ ಜೀವ ಒದ್ದಾಡಿತು. ನವೆಂಬರಿನ ಒಂದು ಶನಿವಾರ, ಹೊತ್ತೇರುವ ಮೊದಲು, ಅವರ ಉಸಿರು ನಿಂತಿತು. ಕರೆಂಟು ಶುರುವಾಗಿ ಒಂಬತ್ತು ತಿಂಗಳಾಗಿತ್ತು.

ನಲವತ್ತನೆಯ ದಿನದ ಫಾತಿಹಾ ಮುಗಿಸಿ ನೆಂಟರೆಲ್ಲ ಹೋದ ಮೇಲೆ ತಾಯಿ ಮಗಳು ಪಾತ್ರೆ ತೊಳೆಯುತ್ತಿದ್ದರು. ಜೈನಾಬಿ ಕೈ ನಿಲ್ಲಿಸಿದ್ದನ್ನು ನೋಡಿ ಆಲಿಯಾ ಹೇಳಿದಳು: “ಯಾಕವ್ವ, ಮತ್ತೆ ಅದನ್ನೇ ಯೋಚನೆ ಮಾಡ್ತೀಯಾ? ನಾವು ಕರೆಂಟು ಇಂಜೆಕ್ಷನ್ ಏನೂ ಕೊಡಿಸದಿದ್ರೆ ಅಪ್ಪ ಇನ್ನೂ ಬೇಗ ಹೋಗ್ತಿದ್ದ.”

“ಹೋಗ್ತಿದ್ರು” ಎಂದಳು ಜೈನಾಬಿ. “ಆದ್ರೆ ಉಂಡು ಹೋಗ್ತಿದ್ರು.”

ಆಲಿಯಾ ತಾಯಿಯ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ತೊಳೆದಳು.

ಯುಗಾದಿಯ ಮೊದಲು ಜೈನಾಬಿ ಮನೆ ಖಾಲಿ ಮಾಡಿ ಮಗಳ ಜೊತೆ ದಾವಣಗೆರೆಗೆ ಬಂದಳು. ಫೋಮಿನ ಅಂಗಡಿಯೊಂದಕ್ಕೆ ದಿಂಬಿನ ಚೀಲ ಹೊಲಿದುಕೊಡುತ್ತಾಳೆ. ಅಂಗಡಿಗೆ ನೇರ ದಾರಿ ಆಸ್ಪತ್ರೆಯ ಮುಂದೆಯೇ ಹೋಗುತ್ತದೆ. ಅವಳು ಆ ದಾರಿ ಹಿಡಿಯುವುದಿಲ್ಲ. ಹಿಂದಿನ ಓಣಿಯಿಂದ, ಬಿಸಿಲಿದ್ದರೂ, ಅರ್ಧ ಮೈಲಿ ಸುತ್ತು ಹಾಕಿ ಹೋಗುತ್ತಾಳೆ.